ಗುರುವಾರ ಸಾಯಂಕಾಲ ಹಾಲು ಹಾಕಿದವರು

"ಮೇಡಂ, ನೂರಾ ಹನ್ನೆರಡು ಹೊಡೆದ್ರೆ ಯಾರೂ ಇಲ್ಲ ಅಂತಾ ಬರ್ತಾ ಐತೆ. ಆಯಮ್ಮ ಇಲ್ಲೇ ನನ್ನ ಮುಂದೆ ನಿಂತವ್ರೆ."

2022ರ ಜೂನ್ 1, ಬುಧವಾರ. ಬೆಳಿಗ್ಗೆ ಒಂಬತ್ತೂವರೆ ಇರಬೇಕು. ಫೋನ್ ಮಾಡಿದ್ದು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿ ಡೈರಿಯ ಸೆಕ್ರೆಟರಿ. ನಾನು ಆಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಹಳ್ಳಿ ಡೈರಿಗಳ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ) ಎಷ್ಟು, ವಾರದ ಬಟವಾಡೆ ಎಷ್ಟು, ಎಲ್ಲವೂ ನಮ್ಮ ಡೇಟಾಬೇಸಿನಲ್ಲಿ ಇರುತ್ತಿತ್ತು. ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ 14ನೇ ಆವೃತ್ತಿಗೆ ಬಂದು ಎರಡು ತಿಂಗಳಾಗಿರಲಿಲ್ಲ.

ಆ ಹೆಂಗಸು ಸೋಮವಾರದಿಂದ ಗುರುವಾರದವರೆಗೆ ಎಂಟು ಹೊತ್ತು ಹಾಲು ಹಾಕಿದ್ದರು. ಎಂಟೂ ಚೀಟಿ ಕೈಯಲ್ಲಿತ್ತು. ಆದರೆ ಬಟವಾಡೆ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಸದಸ್ಯ ಸಂಖ್ಯೆ 111 ಇದೆ, 113 ಇದೆ, ಮಧ್ಯದ್ದು ಇಲ್ಲ.

"ಚೀಟಿ ಇದೆಯಲ್ಲ, ಅವರ ದುಡ್ಡು ಎಲ್ಲೂ ಹೋಗಲ್ಲ. ನಾಳೆ ಸಂಜೆಯೊಳಗೆ ಸರಿ ಮಾಡಿಸ್ತೀನಿ" ಅಂದೆ. ಹೇಳಿಬಿಟ್ಟೆ ನಿಜ, ಆದರೆ ಫೋನ್ ಇಟ್ಟ ಮೇಲೆ ಕೈ ತಣ್ಣಗಾಗಿತ್ತು. ಯಾಕೆಂದರೆ ಇಂಥದೇ ದೂರು ಸೋಮವಾರವೂ ಒಂದು ಬಂದಿತ್ತು. ನಾವು ನೋಡುವ ಹೊತ್ತಿಗೆ ಆ ಸದಸ್ಯರು ಪಟ್ಟಿಯಲ್ಲಿ ಇದ್ದರು. ನಂಬರ್ ತಪ್ಪು ಹೊಡೆದಿರಬೇಕು ಅಂದುಕೊಂಡು ದೂರನ್ನು ಮುಚ್ಚಿದ್ದೆವು. ಇದ್ದವರು ಇಲ್ಲವಾಗಿ, ಮತ್ತೆ ತಾವಾಗಿಯೇ ಬಂದರೆ? ಅದು ನಂಬರ್ ತಪ್ಪು ಹೊಡೆದ ಕಥೆಯಲ್ಲ.

ಮೊದಲು ಡೈರಿಯ ಕೋಡ್, ಸದಸ್ಯ ಸಂಖ್ಯೆ ಮತ್ತು ಆ ವಾರ ಕೊಟ್ಟು ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಓಡಿಸಿದೆ. ಸೊನ್ನೆ ಸಾಲು. ಯಾವ ಸಾಲು ಎಲ್ಲಿದೆ ಅಂತ ಬೇಗ ಹುಡುಕಲು ಟೇಬಲ್ ಪಕ್ಕದಲ್ಲಿ ಇಡುವ ಪಟ್ಟಿಗೆ ಇಂಡೆಕ್ಸ್ ಅನ್ನುತ್ತಾರೆ. ಆಮೇಲೆ, ಇಂಡೆಕ್ಸ್ ಮುಟ್ಟಬೇಡ, ಇಡೀ ಟೇಬಲನ್ನು ಮೊದಲಿಂದ ಕೊನೆಯವರೆಗೆ ಓದು ಅಂತ ಪೋಸ್ಟ್‌ಗ್ರೆಸ್‌ಗೆ ಹೇಳಿ ಅದೇ ಕ್ವೆರಿ ಮತ್ತೆ ಓಡಿಸಿದೆ. ಒಂದು ಕೋಟಿ ಎಂಬತ್ತು ಲಕ್ಷ ಸಾಲು, ಸುಮಾರು ಹೊತ್ತು ಹಿಡಿಯಿತು. ಕೊನೆಗೆ ಒಂದು ಸಾಲು ಬಂತು. 112. ಹೆಸರು, ಎಂಟು ಹೊತ್ತಿನ ಹಾಲು, ಮೊತ್ತ, ಎಲ್ಲಾ ಸರಿಯಾಗಿ ಕೂತಿತ್ತು.

ಅಂದರೆ ಪುಸ್ತಕದಲ್ಲಿ ಪುಟ ಇದೆ. ಪರಿವಿಡಿಯಲ್ಲಿ ಇಲ್ಲ.

ಡೇಟಾಬೇಸ್ ಕೆಲಸ ಮಾಡುವವರಿಗೆ ಇದಕ್ಕಿಂತ ಭಯದ ವಿಷಯ ಕಡಿಮೆ. ನಿಧಾನವಾದರೆ ಬಯ್ದುಕೊಂಡು ಕಾಯಬಹುದು. ಬಿದ್ದು ಹೋದರೆ ಎಬ್ಬಿಸಬಹುದು, ಬಿದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಇದು ಸುಮ್ನೆ, ಯಾವ ತಕರಾರೂ ಇಲ್ಲದೆ, ಇರುವವರನ್ನು ಇಲ್ಲ ಅಂತ ಹೇಳುತ್ತಿತ್ತು.

ನನಗೆ ಮೊದಲು ಅನುಮಾನ ಬಂದದ್ದು ಅಕ್ಷರಗಳ ವಿಂಗಡಣೆಯ ಮೇಲೆ. ಸರ್ವರ್ ಓಡುವ ಲಿನಕ್ಸ್‌ನಲ್ಲಿ ಎಲ್ಲ ಪ್ರೋಗ್ರಾಂಗಳೂ ಬಳಸುವ ಜಿಲಿಬ್‌ಸಿ ಅನ್ನುವ ಲೈಬ್ರರಿ 2018ರ ಆಗಸ್ಟ್‌ನಲ್ಲಿ 2.28ಕ್ಕೆ ಬಂದಾಗ ಅಕ್ಷರಗಳನ್ನು ಜೋಡಿಸುವ ಕ್ರಮ ಬದಲಾಯಿತು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ಕ್ರಮದಲ್ಲಿ ಹುಡುಕಿದರೆ ಕೆಲವು ಹೆಸರು ಸಿಗುವುದಿಲ್ಲ. ಸರ್ವರ್ ಬದಲಾಯಿಸಿದ ಎಷ್ಟೋ ಜನ ಅದರಲ್ಲಿ ಪೆಟ್ಟು ತಿಂದಿದ್ದಾರೆ. ಆದರೆ ನಮ್ಮ ಈ ಇಂಡೆಕ್ಸಿನಲ್ಲಿ ಹೆಸರು ಇರಲಿಲ್ಲ, ಬರೀ ಅಂಕಿಗಳು. ಅಂಕಿಗಳ ಕ್ರಮ ಯಾವ ಆವೃತ್ತಿಯಲ್ಲೂ ಬದಲಾಗಲ್ಲ. ಆ ದಾರಿ ಅಲ್ಲಿಗೆ ಮುಗಿಯಿತು.

ಹಾಗಾದರೆ ಈ ಇಂಡೆಕ್ಸ್ ಹುಟ್ಟಿದ್ದು ಯಾವಾಗ? ನಾನೇ ಕಟ್ಟಿದ್ದೆ. ಮೇ 26, ಗುರುವಾರ, ಸಾಯಂಕಾಲ 6 ಗಂಟೆ 8 ನಿಮಿಷಕ್ಕೆ. ಬಟವಾಡೆ ಪಟ್ಟಿ ತೆಗೆಯಲು ಜಾಸ್ತಿ ಹೊತ್ತು ಹಿಡಿಯುತ್ತದೆ ಅಂತ ಡೈರಿಗಳವರು ಹೇಳುತ್ತಿದ್ದರು. ಅದಕ್ಕೇ ಕಟ್ಟಿದ್ದು. ಸಾಮಾನ್ಯವಾಗಿ ಇಂಡೆಕ್ಸ್ ಕಟ್ಟುವಾಗ ಆ ಟೇಬಲ್‌ಗೆ ಯಾರೂ ಬರೆಯುವ ಹಾಗಿಲ್ಲ. ಸಾಯಂಕಾಲ ಹಾಲು ಹಾಕುವ ಹೊತ್ತು, ಬರೆಯೋದನ್ನು ನಿಲ್ಲಿಸಲು ಆಗಲ್ಲ. ಹಾಗಾಗಿ 'ಕನ್‌ಕರೆಂಟ್ಲಿ' ಅಂತ ಸೇರಿಸಿ ಕಟ್ಟಿದ್ದೆ. ಹಾಗೆ ಕಟ್ಟಿದರೆ ಕೆಲಸ ನಡೆಯುತ್ತಲೇ ಇರುತ್ತದೆ, ಪಕ್ಕದಲ್ಲಿ ಇಂಡೆಕ್ಸ್ ತಯಾರಾಗುತ್ತದೆ. ಎಷ್ಟೋ ವರ್ಷದಿಂದ ಹಾಗೇ ಮಾಡುತ್ತಾ ಬಂದಿದ್ದೆ. ಅವತ್ತು ಒಂಬತ್ತು ನಿಮಿಷ ಹಿಡಿದಿತ್ತು.

ಮಧ್ಯಾಹ್ನ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಆಮ್‌ಚೆಕ್ ಓಡಿಸಿದೆವು. ಟೇಬಲ್ಲಿನ ಪ್ರತಿ ಸಾಲಿಗೂ ಇಂಡೆಕ್ಸಿನಲ್ಲಿ ಜೋಡಿ ಇದೆಯಾ ಅಂತ ಅದು ನೋಡುತ್ತದೆ. ಇಲ್ಲದ ಮೊದಲ ಸಾಲು ಸಿಕ್ಕ ಕೂಡಲೇ, ಈ ಸಾಲಿಗೆ ಇಂಡೆಕ್ಸಿನಲ್ಲಿ ಜೋಡಿ ಇಲ್ಲ ಅಂತ ಹೇಳಿ ನಿಂತಿತು. ಒಟ್ಟು ಎಷ್ಟು ಅಂತ ತಿಳಿಯಲು ಎರಡೂ ದಾರಿಯಿಂದ ಓದಿ ಹೋಲಿಸಿದೆವು. 37 ಸಾಲು. ನಮ್ಮ ಟೀಮಿನ ಹುಡುಗ ಒಬ್ಬ ಆ 37 ಸದಸ್ಯರು ಯಾವಾಗ ಯಾವಾಗ ಹಾಲು ಹಾಕಿದ್ದಾರೆ ಅಂತ ಪಟ್ಟಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟ. ಬೇರೆ ಬೇರೆ ತಾಲ್ಲೂಕು, ಬೇರೆ ಬೇರೆ ಡೈರಿ, ಒಬ್ಬರಿಗೊಬ್ಬರು ಪರಿಚಯ ಇಲ್ಲದವರು. ಎಲ್ಲರೂ ಗುರುವಾರ ಸಾಯಂಕಾಲ 6 ಗಂಟೆ 8ರಿಂದ 17ರೊಳಗೆ ಕ್ಯಾನ್ ಹಿಡಿದುಕೊಂಡು ಡೈರಿಗೆ ಬಂದವರು.

ಆ ಹಾಳೆ ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ನಾನು ಇಲ್ಲಿ ಎಂಟರ್ ಒತ್ತಿದ ಹೊತ್ತಿಗೆ ಅಲ್ಲಿ ತಕ್ಕಡಿ ಮುಂದೆ ನಿಂತಿದ್ದವರು ಇವರು.

ಕಾರಣ ಹುಡುಕಲು ಹೊರಟಾಗ ಗೊತ್ತಾಯಿತು, ಪೋಸ್ಟ್‌ಗ್ರೆಸ್ ಕಟ್ಟುವವರು ಇದೇ ವಿಷಯದ ಮೇಲೆ ಆಗಲೇ ಕೂತಿದ್ದಾರೆ. ಮೇ ತಿಂಗಳಲ್ಲಿ ಒಬ್ಬರು ದೂರು ಕೊಟ್ಟಿದ್ದರು. ಬಗ್ ನಂಬರ್ 17485. ಕನ್‌ಕರೆಂಟ್ಲಿ ಹಾಕಿ ಇಂಡೆಕ್ಸನ್ನು ಮತ್ತೆ ಕಟ್ಟಿದರೆ ಪ್ರೈಮರಿ ಕೀಯಲ್ಲೇ, ಅಂದರೆ ಪ್ರತಿ ಸಾಲನ್ನೂ ಗುರುತಿಸುವ ಮುಖ್ಯ ಇಂಡೆಕ್ಸಿನಲ್ಲೇ, ಸಾಲುಗಳು ಕಾಣೆಯಾಗುತ್ತವೆ ಅಂತ. ಆ ರಾತ್ರಿ ಊಟ ಬಿಟ್ಟು ಆ ಚರ್ಚೆಯನ್ನು ಮೊದಲಿಂದ ಓದಿದೆ.

ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಬದಲಾಯಿಸಿದರೆ ಹಳೆಯದನ್ನು ಅಳಿಸಿ ಬರೆಯುವುದಿಲ್ಲ. ಹಳೆಯದು ಹಾಗೇ ಇರುತ್ತದೆ, ಹೊಸ ಪ್ರತಿ ಒಂದು ಸೇರುತ್ತದೆ. ಹಳೆಯದನ್ನು ನೋಡಬೇಕಾದವರು ಯಾರೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ ಅದನ್ನು ಗುಡಿಸಿ ಹಾಕುತ್ತಾರೆ. ಇಂಡೆಕ್ಸ್ ಕಟ್ಟುವ ಕೆಲಸವೂ ಹಾಗೆ ನೋಡುತ್ತಿರುವವರಲ್ಲಿ ಒಂದು. ದೊಡ್ಡ ಟೇಬಲ್ ಆದರೆ ಅದು ಗಂಟೆಗಟ್ಟಲೆ ನಡೆಯಬಹುದು. ಅಷ್ಟು ಹೊತ್ತೂ ಬೇರೆ ಟೇಬಲ್‌ಗಳ ಕಸ ಕೂಡ ಗುಡಿಸದೆ ಬಿದ್ದಿರುತ್ತದೆ, ಡೇಟಾಬೇಸ್ ಊದಿಕೊಳ್ಳುತ್ತದೆ. ಇದು ನಿಜವಾದ ಕಷ್ಟ, ನಾನೂ ಅನುಭವಿಸಿದ್ದೇನೆ. 2021ರ ಸೆಪ್ಟೆಂಬರ್ 30ಕ್ಕೆ ಬಂದ 14ನೇ ಆವೃತ್ತಿಯಲ್ಲಿ ಇದಕ್ಕೊಂದು ಪರಿಹಾರ ಹಾಕಿದ್ದರು. ಕನ್‌ಕರೆಂಟ್ಲಿ ಇಂಡೆಕ್ಸ್ ಕಟ್ಟುವವರಿಗಾಗಿ ಕಾಯಬೇಡ, ಗುಡಿಸುತ್ತಾ ಹೋಗು ಅಂತ. ಒಳ್ಳೆಯ ಉದ್ದೇಶ. ಆದರೆ ಇಂಡೆಕ್ಸ್ ಕಟ್ಟುತ್ತಿರುವ ಅದೇ ಟೇಬಲ್ಲಿನಲ್ಲೂ ಅದು ಓದಬೇಕಾದ ಹಳೆಯ ಪ್ರತಿಗಳು ಗುಡಿಸಿ ಹೋಗತೊಡಗಿದವು.

ಹೊಸ ಪ್ರತಿ ಇದೆಯಲ್ಲ, ಅದು ಸಿಗಬೇಕಲ್ವಾ? ಇಲ್ಲ. ಬದಲಾದದ್ದು ಇಂಡೆಕ್ಸಿಗೆ ಸಂಬಂಧ ಇಲ್ಲದ ಕಾಲಂ ಆಗಿದ್ದು, ಡಿಸ್ಕಿನಲ್ಲಿ ಆ ಸಾಲು ಇರುವ ಅದೇ ಪುಟದಲ್ಲಿ ಜಾಗವೂ ಇದ್ದರೆ, ಹೊಸ ಪ್ರತಿಗೆ ಇಂಡೆಕ್ಸಿನಲ್ಲಿ ಬೇರೆ ನಮೂದು ಹಾಕುವುದಿಲ್ಲ. ಹಳೆಯ ನಮೂದಿನಿಂದಲೇ ದಾರಿ ಹಿಡಿದು ಹೊಸದಕ್ಕೆ ಬರಬಹುದು. ಇದಕ್ಕೆ 'ಹಾಟ್' ಅಂತ ಹೆಸರು. 2008ರಲ್ಲಿ 8.3ರಿಂದ ಇದೆ, ಕೆಲಸವನ್ನು ತುಂಬಾ ಹಗುರ ಮಾಡಿದೆ. ಈಗ ನೋಡಿ. ಹಳೆಯ ಪ್ರತಿ ಗುಡಿಸಿ ಹೋಗಿದೆ, ಹಾಗಾಗಿ ಇಂಡೆಕ್ಸ್ ಕಟ್ಟುವವನಿಗೆ ಕಾಣಲಿಲ್ಲ. ಹೊಸದು ಅವನು ಓದಲು ಶುರು ಮಾಡಿದ ಮೇಲೆ ಬಂದದ್ದು, ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಎರಡು ಪ್ರತಿಗಳ ಮಧ್ಯೆ ಸಾಲು ಬಿದ್ದು ಹೋಯಿತು.

ಇನ್ನೊಂದು ವಿಷಯ ಇದೆ. ಕನ್‌ಕರೆಂಟ್ಲಿ ಕಟ್ಟುವಾಗ ಟೇಬಲನ್ನು ಎರಡು ಸಲ ಓದುತ್ತದೆ. ಮೊದಲ ಸಲ ತಪ್ಪಿಸಿಕೊಂಡವರನ್ನು ಎರಡನೇ ಸಲ ಹಿಡಿಯುತ್ತದೆ. ಹಾಗಾದರೆ ಈ 37 ಜನ ಎರಡು ಸಲವೂ ತಪ್ಪಿಸಿಕೊಂಡದ್ದು ಹೇಗೆ? ಅದನ್ನು ತಿಳಿಯಲು ಡೈರಿಯ ಒಳಗೆ ಹೋಗಬೇಕು. ಅಲ್ಲಿ ಮೊದಲು ತಕ್ಕಡಿಯ ಮೇಲೆ ಹಾಲು ತೂಗುತ್ತಾರೆ. ಎಷ್ಟು ಅಂತ ಕೂಡಲೇ ನಮಗೆ ಬರುತ್ತದೆ, ಆ ಸದಸ್ಯರ ವಾರದ ಖಾತೆಯ ಸಾಲು ಒಂದು ಸಲ ಬದಲಾಗುತ್ತದೆ. ಆಮೇಲೆ ಸ್ಯಾಂಪಲ್ ಮೆಷಿನ್‌ಗೆ ಹೋಗಿ ಫ್ಯಾಟ್, ಎಸ್‌ಎನ್‌ಎಫ್ ಬರುತ್ತದೆ, ರೇಟ್ ಕೂಡಿ ಅದೇ ಸಾಲು ಇನ್ನೊಂದು ಸಲ ಬದಲಾಗುತ್ತದೆ. ನೆಟ್‌ವರ್ಕ್ ಸರಿ ಇಲ್ಲದ ಊರಲ್ಲಿ ಎರಡರ ಮಧ್ಯೆ ನಾಲ್ಕೈದು ನಿಮಿಷ ಆಗುವುದು ಮಾಮೂಲು. ತೂಕ ಮೊದಲ ಓದಿನ ಹೊತ್ತಿಗೆ, ಫ್ಯಾಟ್ ಎರಡನೇ ಓದಿನ ಹೊತ್ತಿಗೆ ಬಂದವರು ಎರಡು ಸಲವೂ ಕೈ ಜಾರಿದರು. ಸಿಗ್ನಲ್ ಚೆನ್ನಾಗಿದ್ದ ಊರಿನವರು ಯಾರೂ ಆ ಪಟ್ಟಿಯಲ್ಲಿ ಇರಲಿಲ್ಲ.

ಸೋಮವಾರದ ದೂರಿನ ಗುಟ್ಟೂ ಇದರಲ್ಲೇ ಬಿಚ್ಚಿಕೊಂಡಿತು. ಗುರುವಾರದ ಆಮೇಲೂ ದಿನಾ ಹಾಲು ಹಾಕಿದವರ ಸಾಲು ಮತ್ತೆ ಮತ್ತೆ ಬದಲಾಗಿ, 8 ಕೆಬಿಯ ಆ ಪುಟ ತುಂಬಿ, ಹೊಸ ಪ್ರತಿ ಬೇರೆ ಪುಟಕ್ಕೆ ಹೋಗಬೇಕಾಯಿತು. ಹಾಗೆ ಹೋದಾಗ ಎಲ್ಲಾ ಇಂಡೆಕ್ಸಿನಲ್ಲೂ ಹೊಸ ನಮೂದು ಹಾಕುತ್ತದೆ. ಅವರು ತಾವಾಗಿ ವಾಪಸ್ ಬಂದರು. ನೂರಾ ಹನ್ನೆರಡನೆಯವರು ಯಾಕೆ ಬರಲಿಲ್ಲ ಅಂತ ಸೆಕ್ರೆಟರಿಗೆ ಫೋನ್ ಮಾಡಿ ಕೇಳಿದೆ.

"ಗುರುವಾರ ಸಾಯಂಕಾಲನೇ ಕೊನೆ ಮೇಡಂ. ಹಸು ಗಬ್ಬ ಅಲ್ವಾ, ಹಾಲು ಬತ್ತಿಸವ್ರೆ. ಇನ್ನೆರಡು ತಿಂಗಳು ಹಾಕಲ್ಲ."

ಅವರ ಮನೆಗೆ ಎರಡು ತಿಂಗಳ ಮಟ್ಟಿಗೆ ಅದೇ ಕೊನೆಯ ಹಾಲಿನ ದುಡ್ಡು. ಕಾಣೆಯಾದದ್ದೂ ಅದೇ.

ಆ ರಾತ್ರಿ ಒಂದು ಗಂಟೆಗೆ, ಯಾವ ಡೈರಿಯೂ ತೆರೆದಿರದ ಹೊತ್ತಲ್ಲಿ, ಆ ಇಂಡೆಕ್ಸನ್ನು ತೆಗೆದು, ಬರೆಯೋದನ್ನು ನಿಲ್ಲಿಸಿ, ಕನ್‌ಕರೆಂಟ್ಲಿ ಇಲ್ಲದೆ ಮತ್ತೆ ಕಟ್ಟಿದೆವು. ನಾಲ್ಕು ನಿಮಿಷ ಸಾಕಾಯಿತು. ಹೋಲಿಸಿ ನೋಡಿದಾಗ 37 ಇದ್ದದ್ದು ಸೊನ್ನೆ. ಗುರುವಾರ ಮಧ್ಯಾಹ್ನದೊಳಗೆ ಬಿಟ್ಟುಹೋಗಿದ್ದ ಎಲ್ಲರ ಬಟವಾಡೆಯೂ ಆಯಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಆ ಚರ್ಚೆ. ಎಲ್ಲಿ ಕೆಟ್ಟಿತು ಅಂತ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಆ ಒಂದು ಬದಲಾವಣೆಗೆ ಬಂದು ನಿಂತಿದ್ದರು. ಆಮೇಲೆ ಎರಡು ದಾರಿ. ಕಾಯದೆ ಗುಡಿಸುವ ವೇಗವನ್ನು ಉಳಿಸಿಕೊಂಡು ತೂತು ಮುಚ್ಚುವುದು ಒಂದು. ಇಡೀ ಬದಲಾವಣೆಯನ್ನೇ ವಾಪಸ್ ತೆಗೆಯುವುದು ಇನ್ನೊಂದು. ಅವರು ವಾಪಸ್ ತೆಗೆದರು. ವಾಪಸ್ ತೆಗೆದ ಕೋಡಿನ ತಲೆಬರಹದಲ್ಲಿ 'ವೇಗ ಹೆಚ್ಚಿಸಿದ' ಅನ್ನುವ ಮಾತನ್ನು ಉದ್ಧರಣೆ ಚಿಹ್ನೆಯೊಳಗೆ ಇಟ್ಟಿದ್ದಾರೆ. ಆ ಎರಡು ಪುಟ್ಟ ಗೆರೆ ನೋಡಿ ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ತಾವೇ ಯೋಚಿಸಿ, ತಾವೇ ಬರೆದು, ಬಿಡುಗಡೆ ಟಿಪ್ಪಣಿಯಲ್ಲಿ ಹಾಕಿ ಸಂತೋಷಪಟ್ಟ ಕೆಲಸವನ್ನು ಎಲ್ಲರೆದುರು ಕಿತ್ತು ಹಾಕುವುದು ಸುಲಭ ಅಲ್ಲ. ನಮ್ಮ ಆಫೀಸಿನಲ್ಲಿ ಒಂದು ಬಟನ್ ವಾಪಸ್ ತೆಗೆಯಲು ಮೂರು ಮೀಟಿಂಗ್ ಬೇಕಾದದ್ದು ನನಗೆ ನೆನಪಿದೆ.

ಪೋಸ್ಟ್‌ಗ್ರೆಸ್‌ಗೆ ಒಬ್ಬ ಯಜಮಾನ ಇಲ್ಲ. 1986ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಕೈಕೆಳಗೆ ಶುರುವಾದದ್ದು, 1996ರಿಂದ ಈಗಿನ ಹೆಸರಿನಲ್ಲಿ ಬೇರೆ ಬೇರೆ ದೇಶದ ಜನ ಸೇರಿ ನಡೆಸುತ್ತಿದ್ದಾರೆ. ಸಣ್ಣ ತಿದ್ದುಪಡಿಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬರುತ್ತವೆ. 14.3 ಮೇ 12ಕ್ಕೆ ಬಂದಿತ್ತು, ಮುಂದಿನದು ಆಗಸ್ಟ್‌ನಲ್ಲಿ ಬರಬೇಕಿತ್ತು. ಅಲ್ಲಿಯವರೆಗೆ ಕಾಯಲಿಲ್ಲ. ಜೂನ್ 16ಕ್ಕೇ 14.4 ಬಿಟ್ಟರು. ಕನ್‌ಕರೆಂಟ್ಲಿ ಹಾಕಿ ಕಟ್ಟಿದ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಿಕೊಳ್ಳಿ ಅಂತ ಅದರ ಟಿಪ್ಪಣಿಯಲ್ಲಿ ನೇರವಾಗಿ ಬರೆದಿದ್ದರು.

ಅದು ಬಂದದ್ದೂ ಒಂದು ಗುರುವಾರ. ಮಾರನೆಯ ರಾತ್ರಿ ನಾವು ಹಾಕಿಕೊಂಡೆವು. 14ಕ್ಕೆ ಬಂದ ಮೇಲೆ ಕನ್‌ಕರೆಂಟ್ಲಿಯಿಂದ ಕಟ್ಟಿದ್ದ ಇನ್ನೂ ಐದು ಇಂಡೆಕ್ಸ್ ಇದ್ದವು. ಆಮ್‌ಚೆಕ್ ಐದನ್ನೂ ನೋಡಿತು. ನಾಲ್ಕು ಸರಿ ಇದ್ದವು. ಐದನೆಯದರಲ್ಲಿ ಎರಡು ಸಾಲು ಇರಲಿಲ್ಲ. ಯಾರೂ ಇನ್ನೂ ಫೋನ್ ಮಾಡಿರಲಿಲ್ಲ. ಐದನ್ನೂ ಮತ್ತೆ ಕಟ್ಟಿ, ಆ ಇಬ್ಬರ ಡೈರಿಗೆ ಬೆಳಿಗ್ಗೆ ಏಳಕ್ಕೆ ನಾನೇ ಫೋನ್ ಮಾಡಿದೆ.