ಕಪ್ ಹಾಕುವ ಮೊದಲು ಒಂದು ನಿಮಿಷ

ಚೊಚ್ಚಲ ಹೆರಿಗೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದು ಎರಡು ಗಂಟೆಯಾಗಿತ್ತು. ಆಕೆ ಮುಕ್ಕಿ ಮುಕ್ಕಿ ಸೋತಿದ್ದಳು. ನಾನು ಬೆರಳಿಟ್ಟು ನೋಡಿದೆ. ಮಗುವಿನ ಹಿಂದಲೆ ಮುಂದಕ್ಕಿದೆ, ಅಂದರೆ ಮುಖ ತಾಯಿಯ ಬೆನ್ನಿನ ಕಡೆಗಿದೆ ಅನ್ನಿಸಿತು. ಮಗುವಿನ ತಲೆಗೆ ಅಂಟಿಸಿ ಹೊರಗೆಳೆಯುವ ವ್ಯಾಕ್ಯೂಮ್ ಕಪ್ ಹಾಕಿದೆ. ಎರಡು ಸಲ ಜಾರಿತು. ಕೊನೆಗೆ ಸಿಸೇರಿಯನ್. ಗರ್ಭಕೋಶ ತೆರೆದಾಗ ಮಗು ಮುಖ ಮೇಲೆ ಮಾಡಿಕೊಂಡಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಆ ಪುಟ್ಟ ತಲೆಯ ಮೇಲಿನ ಕಪ್‌ನ ಗುರುತು ನನ್ನಿಂದಾದದ್ದು.

ಹೆರಿಗೆ ತಡವಾದಷ್ಟೂ ಮಗುವಿನ ತಲೆಯ ಚರ್ಮ ಊದಿಕೊಳ್ಳುತ್ತದೆ. ಮೂಳೆಗಳ ನಡುವಿನ ಗೆರೆ, ಮುಂದಿನ ನೆತ್ತಿ, ಹಿಂದಿನ ನೆತ್ತಿ ಯಾವುದೂ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಸಹಾಯ ಬೇಕಾಗುವುದೂ ಅಂಥ ಹೊತ್ತಿನಲ್ಲೇ. 2014ರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನವೊಂದು ಕಪ್ ಅಥವಾ ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ) ಬೇಕಾಗಿದ್ದ 514 ತಾಯಂದಿರನ್ನು ನೋಡಿತ್ತು. ಬೆರಳನ್ನಷ್ಟೇ ನಂಬಿದಾಗ ತಲೆ ಎತ್ತ ತಿರುಗಿದೆ ಅನ್ನುವುದು ಶೇ. 20.2ರಷ್ಟು ಸಲ ತಪ್ಪಿತ್ತು. ಜೊತೆಗೆ ಸ್ಕ್ಯಾನ್ ಮಾಡಿದಾಗ ಶೇ. 1.6. ಆದರೆ ತಾಯಿ-ಮಗುವಿಗೆ ಆಗುವ ತೊಂದರೆ ಅದರಿಂದ ಕಡಿಮೆಯಾಗಲಿಲ್ಲ. ಗೊತ್ತಾದ ಮೇಲೆ ನಾವೇನು ಮಾಡುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ ಅಲ್ವಾ?

ಈ ಸ್ಕ್ಯಾನ್ ಮಾಡುವುದು ಕಷ್ಟವೇನಲ್ಲ. ಹೊಟ್ಟೆಯ ಮೇಲಿಟ್ಟು ನೋಡುವ ಸ್ಕ್ಯಾನ್ ಯಂತ್ರದ ಅದೇ ಪ್ರೋಬನ್ನು ಕಿಬ್ಬೊಟ್ಟೆಯ ಮೂಳೆಗಿಂತ ತುಸು ಮೇಲೆ ಅಡ್ಡವಾಗಿ ಇಡಬೇಕು. ಕಣ್ಣಿನ ಎರಡು ಗುಳಿಗಳು ಕಪ್ಪಗೆ ಕಂಡರೆ ಮಗು ಮುಂದಕ್ಕೆ ನೋಡುತ್ತಿದೆ, ಅಂದರೆ ಹಿಂದಲೆ ತಾಯಿಯ ಬೆನ್ನಿನ ಕಡೆಗಿದೆ. ಮಿದುಳಿನ ನಡುಗೆರೆ ಅಡ್ಡಕ್ಕಿದ್ದರೆ ತಲೆ ಪಕ್ಕಕ್ಕೆ ತಿರುಗಿದೆ. ಬೆನ್ನುಮೂಳೆ ಎಲ್ಲಿದೆ ಅಂತಲೂ ನೋಡಿಕೊಳ್ಳುತ್ತೇನೆ. ಒಂದು ನಿಮಿಷ ಸಾಕು. ತಲೆ ಎಷ್ಟು ಕೆಳಗಿಳಿದಿದೆ ಅಂತ ನೋಡಲು ಪ್ರೋಬಿಗೆ ಗ್ಲೌಸ್ ಹಾಕಿ ಕೆಳಗಿನಿಂದ ಇಡುತ್ತೇವೆ.

ನಮ್ಮಲ್ಲಿ ಲೇಬರ್ ರೂಮಿನ ಯಂತ್ರಕ್ಕೂ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಬೇಕು, ಗರ್ಭಿಣಿಯ ಸ್ಕ್ಯಾನ್ ವಿವರ ಬರೆಯುವ ಫಾರ್ಮ್ ಎಫ್ ತುಂಬಬೇಕು. ನೋವಿನ ನಡುವೆ ಕಾಗದ ಯಾಕೆ ಅಂತ ಸ್ಕ್ಯಾನನ್ನೇ ಬಿಡುವವರನ್ನು ನೋಡಿದ್ದೇನೆ. ಸಿಸ್ಟರ್ ಫಾರ್ಮಿಗೆ ಬೇಕಾದ ವಿವರಗಳನ್ನು ಮೊದಲೇ ಕೇಳಿಟ್ಟುಕೊಂಡರೆ ತೊಂದರೆಯಾಗುವುದಿಲ್ಲ.

ಕಳೆದ ತಿಂಗಳು ಮತ್ತೆ ಅಂಥದ್ದೇ ರಾತ್ರಿ. ಪ್ರೋಬ್ ಇಟ್ಟೆ. ಎರಡು ಕಪ್ಪು ಗುಳಿಗಳು.

"ಮಗು ಯಾವ ಕಡೆ ನೋಡ್ತಿದೆ ಮೇಡಂ?" ಎಂದಳು ಆಕೆ.

"ಮೇಲಕ್ಕೆ ಕಣಮ್ಮಾ. ಸ್ವಲ್ಪ ತಿರುಗಿಸ್ತೀನಿ, ನೋವು ಬಂದಾಗ ಮುಕ್ಕು."

ಕೈಯಿಂದ ತಲೆಯನ್ನು ನಿಧಾನವಾಗಿ ತಿರುಗಿಸಿದೆ. ಮತ್ತೆ ಪ್ರೋಬ್ ಇಟ್ಟು ನೋಡಿದೆ. ಕಣ್ಣುಗಳು ಕಾಣಲಿಲ್ಲ. ಅರ್ಧ ಗಂಟೆಗೆ ಮಗು ಅತ್ತಿತು. ಕಪ್ ಪೊಟ್ಟಣದಲ್ಲೇ ಇತ್ತು.