ಕಾಫಿ ಕಣದ ಮೇಲೆ ನೂರೈವತ್ತು ಸ್ಪೀಡು

ಸ್ಪೋರ್ಟ್ಸ್ ಕಾರಿನವರ ಕೂಟಗಳಿಗೆ ನಾನು ಸಾಮಾನ್ಯವಾಗಿ ಹೋಗುವುದಿಲ್ಲ. ಬಾನೆಟ್ ಎತ್ತಿ ಸಾಲಾಗಿ ನಿಲ್ಲಿಸೋದು, ಡ್ರೋನ್ ಹಾರಿಸೋದು, ಹೊರಡುವಾಗ ಎಲ್ಲರೂ ಒಟ್ಟಿಗೆ ಆಕ್ಸಿಲರೇಟರ್ ತುಳಿದು ಊರಿನ ನಾಯಿಗಳನ್ನೆಲ್ಲ ಎಬ್ಬಿಸೋದು. ಇದಕ್ಕೆ ಬೆಳಿಗ್ಗೆ ಐದಕ್ಕೆ ಏಳಬೇಕಾ? ಆದರೆ ಈ ಸಲ ಕರೆದದ್ದು ಡೈನೋಗೆ. ಅಂದರೆ ಕಾರಿನ ಎಂಜಿನ್ ನಿಜಕ್ಕೂ ಎಷ್ಟು ಶಕ್ತಿ ಕೊಡುತ್ತೆ ಅಂತ ಅಳೆಯುವ ಯಂತ್ರ. ಅದನ್ನು ಟ್ರೇಲರ್ ಮೇಲೆ ಹೇರಿಕೊಂಡು ಕೊಡಗಿಗೆ ತರ್ತಾರಂತೆ. ಜಾಗ ಸುಂಟಿಕೊಪ್ಪದ ಆಚೆ ಒಂದು ಕಾಫಿ ತೋಟ. ನನ್ನ ಹಳೇ ಹೋಂಡಾ ಸಿಟಿ ವಿಟೆಕ್‌ಗೆ ಇಷ್ಟು ವಯಸ್ಸಾದ ಮೇಲೆ ಎಷ್ಟು ದಮ್ಮು ಉಳಿದಿದೆ ಅಂತ ನೋಡೋ ಆಸೆ ಇತ್ತು. ಹೊರಟೆ.

ದಾರಿಯ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಮೈಸೂರು, ಹುಣಸೂರು, ಪಿರಿಯಾಪಟ್ಟಣ. ಕುಶಾಲನಗರದ ಹತ್ತಿರ ಕಾವೇರಿ ಸೇತುವೆ ದಾಟಿದರೆ ಕೊಡಗು. ಅಲ್ಲಿಂದ ಮುಂದೆ ರಸ್ತೆ ತಿರುವಿಗೆ ಬೀಳುತ್ತೆ, ನನ್ನ ಕಾರಿಗೆ ಖುಷಿಯಾಗುತ್ತೆ. ರಾಜಾಸೀಟು, ದುಬಾರೆ ಅಂತ ಹೋದವರು ಹೋದರು. ನನಗೆ ಆ ಜಾತ್ರೆ ಬೇಡ.

ಹೋಂಸ್ಟೇ ವಿಷಯ ಮಾತ್ರ ಹೇಳಲೇಬೇಕು, ಈಗಲೂ ಹೊಟ್ಟೆ ಉರಿಯುತ್ತೆ. ಫೋನಿನಲ್ಲಿ ಕೇಳಿದ್ದೆ, "ಕಾರು ಬಾಗಿಲವರೆಗೂ ಬರುತ್ತಾ?" "ಬರುತ್ತೆ ಸಾರ್, ಆರಾಮಾಗಿ ಬರುತ್ತೆ." ಹೋಗಿ ನೋಡಿದರೆ ಕೊನೆಯ ಅರ್ಧ ಕಿಲೋಮೀಟರ್ ರಸ್ತೆಯೇ ಅಲ್ಲ. ಎರಡು ಗಾಲಿಗುರುತು, ನಡುವೆ ಹುಲ್ಲು, ಹುಲ್ಲಿನೊಳಗೆ ಕಲ್ಲು. ಸಿಟಿಯ ಹೊಟ್ಟೆ ಮೊದಲೇ ನೆಲಕ್ಕೆ ಹತ್ತಿರ. ಒಂದು ಕಲ್ಲು ಸೈಲೆನ್ಸರ್ ಪೈಪಿನ ಜಾಯಿಂಟ್ ಬಿಡಿಸಿತು. ಓನರ್ ಬಂದು ನೋಡಿ, "ನಮ್ಮ ಜೀಪು ದಿನಾ ಬರುತ್ತಲ್ಲಾ" ಅಂದರು. ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ. ಕೊಡಗಿನ ತೋಟದೊಳಗೆ ರೂಮು ಹಿಡಿಯುವವರು "ಕಾರು ಬರುತ್ತಾ" ಅಂತ ಕೇಳಬೇಡಿ. "ಮಳೆ ಬಂದ ಮಾರನೇ ದಿನ ಆಲ್ಟೋ ಬರುತ್ತಾ" ಅಂತ ಕೇಳಿ. ಆಮೇಲೆ ಕೊನೆಯ ತಿರುವಿನ ವಿಡಿಯೋ ಕಳಿಸೋಕೆ ಹೇಳಿ. ಕಳಿಸದಿದ್ದರೆ ಬೇರೆ ಕಡೆ ನೋಡಿ. ನನ್ನ ಶನಿವಾರ ಪೂರ್ತಿ ಸುಂಟಿಕೊಪ್ಪದ ವೆಲ್ಡಿಂಗ್ ಅಂಗಡಿಯಲ್ಲಿ ಕಳೆಯಿತು. ಆ ಹುಡುಗ ಮಾತ್ರ ಅಚ್ಚುಕಟ್ಟಾಗಿ ಬೆಸೆದುಕೊಟ್ಟ.

ಭಾನುವಾರ ಬೆಳಿಗ್ಗೆ ತೋಟದ ಗೇಟಿನ ಹತ್ತಿರ ಗಾಜು ಇಳಿಸಿದೆ. ಪೆಟ್ರೋಲ್ ವಾಸನೆ ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಮಲ್ಲಿಗೆಯಂಥ ಘಮ. ಮಾರ್ಚ್ ತಿಂಗಳು, ರೋಬಸ್ಟಾ ಕಾಫಿ ಹೂ ಬಿಟ್ಟಿತ್ತು. ಗಿಡದ ರೆಂಬೆ ರೆಂಬೆಗೂ ಬಿಳಿ ಗೊಂಚಲು, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಎಲ್ಲಾ ಕಡೆ ಜೇನುಹುಳದ ಗುಂಯ್. ಈ ಹೂವು ಎರಡು ಮೂರು ದಿನಕ್ಕಿಂತ ನಿಲ್ಲುವುದಿಲ್ಲ. ಕೂಟಕ್ಕೆ ತಾರೀಕು ಗೊತ್ತು ಮಾಡಿದವರಿಗೆ ಇದು ತಿಳಿದಿರಲಿಲ್ಲ, ಸುಮ್ನೆ ಅದೃಷ್ಟ.

ಡೈನೋ ಇಳಿಸಿದ್ದು ತೋಟದ ಕಣದಲ್ಲಿ. ಕಾಫಿ ಹಣ್ಣು ಒಣಗಿಸುವ ದೊಡ್ಡ ಸಿಮೆಂಟ್ ಅಂಗಳ. ಕೊಡಗಿನಲ್ಲಿ ಇಷ್ಟು ಸಮತಟ್ಟಾದ ಜಾಗ ಬೇಕೆಂದರೆ ಒಂದೋ ಹಾಕಿ ಮೈದಾನ, ಇಲ್ಲಾ ಕಾಫಿ ಕಣ. ತೋಟದ ಯಜಮಾನಿಗೆ ಎಪ್ಪತ್ತು ದಾಟಿದೆ. ಅವರ ತಂಗಿಯ ಮಗ ರ್‍ಯಾಲಿ ಓಡಿಸುವವನು. ಕೊಡಗಿನ ತೋಟದ ದಾರಿಗಳಲ್ಲಿ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತುಗಳೇ ನಡೆದಿವೆ, ಹಾಗಾಗಿ ಇಲ್ಲಿನ ಮನೆಗಳಿಗೆ ಇಂಥ ಹುಚ್ಚು ಹೊಸದಲ್ಲ. ಕಣ ಕೇಳಿದಾಗ ಆಕೆ ಒಂದೇ ಷರತ್ತು ಹಾಕಿದ್ದರಂತೆ: ಸೋಮವಾರ ಕಣ ಇದ್ದ ಹಾಗೇ ಇರಬೇಕು, ಮೆಣಸು ಒಣಗಿಸೋಕಿದೆ.

ಯಂತ್ರ ನೋಡೋಕೆ ಅಂಥ ದೊಡ್ಡದೇನಲ್ಲ. ಭಾರದ ಉಕ್ಕಿನ ರೋಲರು, ಹತ್ತಿಸೋಕೆ ಇಳಿಜಾರು ಹಲಗೆ, ಪಕ್ಕದಲ್ಲಿ ಲ್ಯಾಪ್‌ಟಾಪು. ಕಾರಿನ ಎಂಜಿನ್ ತಿರುಗಿಸುವ ಚಕ್ರಗಳನ್ನು ರೋಲರ್ ಮೇಲೆ ಹತ್ತಿಸಿ, ಹಿಂದೆ ಮುಂದೆ ಬೆಲ್ಟ್ ಹಾಕಿ ಕಟ್ಟುತ್ತಾರೆ. ಮುಂದೆ ದೊಡ್ಡ ಫ್ಯಾನು, ರೇಡಿಯೇಟರಿಗೆ ಗಾಳಿ ಬೇಕಲ್ಲ. ನಾಲ್ಕನೇ ಗೇರಿಗೆ ಹಾಕಿ, ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು (ಆರ್‌ಪಿಎಂ) ತಿರುಗುವಲ್ಲಿಂದ ಮೀಟರಿನ ಕೆಂಪು ಗೆರೆವರೆಗೆ ಪೂರ್ತಿ ತುಳಿಯಬೇಕು. ರೋಲರಿನ ತೂಕ ಗೊತ್ತಿದೆ. ಅದು ಎಷ್ಟು ಬೇಗ ವೇಗ ಹಿಡಿಯಿತು ಅನ್ನೋದರಿಂದ ಶಕ್ತಿಯ ಲೆಕ್ಕ ಬರುತ್ತೆ. ಅಷ್ಟೇ.

ಅಷ್ಟೇ ಅಂದೆ. ಆದರೆ ಒಳಗೆ ಕೂತಾಗ ಬೇರೆ. ಸ್ಪೀಡೋಮೀಟರ್ ಮುಳ್ಳು ನೂರೈವತ್ತು ದಾಟುತ್ತಿದೆ. ಕಿಟಕಿಯಾಚೆ ಕಾಫಿ ಗಿಡ ಇದ್ದಲ್ಲೇ ಇದೆ, ಅದರ ಮೇಲಿನ ಹೂವು ಕೂಡ ಅಲ್ಲಾಡುತ್ತಿಲ್ಲ. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರು ಆದ್ದರಿಂದ ಮೂತಿ ಸ್ವಲ್ಪ ಆ ಕಡೆ ಈ ಕಡೆ ಎಳೆಯುತ್ತೆ, ಸ್ಟೀರಿಂಗ್ ಗಟ್ಟಿಯಾಗಿ ಹಿಡೀಬೇಕು. ಮೇಲಿನ ಆರ್‌ಪಿಎಂಗೆ ಹೋದಾಗ ವಿಟೆಕ್ (ಎಂಜಿನ್ನಿನ ವಾಲ್ವುಗಳನ್ನು ಆಗ ಹೆಚ್ಚು ತೆರೆಸುವ ಹೋಂಡಾದ ಏರ್ಪಾಡು) ದನಿ ಬದಲಾಯಿಸುತ್ತಲ್ಲ, ಅದನ್ನು ರಸ್ತೆಯಲ್ಲಿ ಇಷ್ಟು ಸಮಾಧಾನವಾಗಿ ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಪ್ರಕಾರ ಅವತ್ತು ಅಲ್ಲಿ ಬಂದ ಶಬ್ದಗಳಲ್ಲಿ ಅದೇ ಚೆಂದ. ಈಗಿನ ಹುಡುಗರು ಸಾಫ್ಟ್‌ವೇರ್ ತಿದ್ದಿಸಿ ಸೈಲೆನ್ಸರಿನಿಂದ ಪಟಪಟ ಅನ್ನಿಸುತ್ತಾರಲ್ಲ, ಅದನ್ನು ಸಂಗೀತ ಅನ್ನೋಕೆ ನನ್ನಿಂದಾಗಲ್ಲ.

ಬಂದ ಅಂಕಿ 75 ಎಚ್‌ಪಿ, ಅಂದರೆ ಅಶ್ವಶಕ್ತಿ.

ಕಂಪನಿ ಹೇಳಿದ್ದು 106. ನನ್ನ ಮುಖ ನೋಡಿ ಆಪರೇಟರ್ ನಕ್ಕರು. ನಿಧಾನದ ಮನುಷ್ಯ, ಇಡೀ ದಿನ ಒಂದೇ ಮಾತನ್ನು ಬೇಸರವಿಲ್ಲದೆ ಎಲ್ಲರಿಗೂ ಹೇಳಿದರು. ಕಂಪನಿಯ ಲೆಕ್ಕ ಎಂಜಿನ್ನಿನ ಕ್ರ್ಯಾಂಕಿನದ್ದು, ಅಂದರೆ ಎಂಜಿನ್ನಿನಿಂದ ಶಕ್ತಿ ಹೊರಬರುವ ದಂಡದ್ದು. ಗೇರ್‌ಬಾಕ್ಸು, ಆಕ್ಸಲ್ಲು, ಟೈರು ಎಲ್ಲಾ ತಮ್ಮ ಪಾಲು ತಿಂದು ಚಕ್ರಕ್ಕೆ ಬರುವಷ್ಟರಲ್ಲಿ ಸಾಮಾನ್ಯವಾಗಿ 10ರಿಂದ 15 ಪರ್ಸೆಂಟ್ ಹೋಗಿರುತ್ತೆ. ಇನ್ನೊಂದು ಪಾಲು ತಿಂದದ್ದು ಕೊಡಗಿನ ಗಾಳಿ. ನಾವಿದ್ದದ್ದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್, ಅವರ ಮೀಟರಿನಲ್ಲಿ 900ರ ಆಸುಪಾಸು. ಎಂಜಿನ್ ಪ್ರತಿ ಸಲ ಉಸಿರೆಳೆದಾಗಲೂ ಒಳಗೆ ಹೋಗುವ ಗಾಳಿ ಕಡಿಮೆ, ಅದಕ್ಕೆ ತಕ್ಕಂತೆ ಸುಡುವ ಪೆಟ್ರೋಲೂ ಕಡಿಮೆ. ಇದನ್ನು ಸರಿಪಡಿಸಿ ನೋಡೋಕೆ ಒಂದು ಲೆಕ್ಕ ಇದೆ. 990 ಮಿಲಿಬಾರ್ ಒಣ ಗಾಳಿ, 25 ಡಿಗ್ರಿ ಬಿಸಿ ಇದ್ದಿದ್ದರೆ ಎಷ್ಟು ಬರುತ್ತಿತ್ತು ಅಂತ. ಆ ಲೆಕ್ಕದಲ್ಲಿ ನನ್ನದು 86. "ಇದನ್ನೇ ಮಂಗಳೂರಿಗೆ ತಗೊಂಡು ಹೋಗಿ, ಹೆಚ್ಚುಕಡಿಮೆ ಅಷ್ಟು ಬರುತ್ತೆ" ಅಂದರು. ಇಷ್ಟು ಹಳೇ ಕಾರಿಗೆ ಅದು ಒಳ್ಳೆಯ ಅಂಕಿಯೇ ಅಂತೆ. ವೆಲ್ಡಿಂಗ್ ಹುಡುಗನಿಗೂ ಅದರಲ್ಲಿ ಪಾಲು ಕೊಡಬೇಕು.

ಜಗಳ ಶುರುವಾದದ್ದು ಇಲ್ಲೇ. ಬೆಂಗಳೂರಿನ ಒಬ್ಬ ಹುಡುಗ ಪೋಲೋ ಜಿಟಿ ತಂದಿದ್ದ. ಟರ್ಬೋ ಕಾರು, ಕಂಪನಿ ಹೇಳುವುದು 105. ಅವನು ಸಾಫ್ಟ್‌ವೇರ್ ಬದಲಾಯಿಸಿ ಶಕ್ತಿ ಏರಿಸಿಕೊಂಡಿದ್ದ. (ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ಇಂಥ ಬದಲಾವಣೆಗಳ ಬಗ್ಗೆ ಏನು ಹೇಳುತ್ತೆ ಅಂತ ಅಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.) ಚಕ್ರದಲ್ಲಿ 118 ಬಂತು. ಚೆನ್ನಾಗೇ ಇದೆ ಅಲ್ವಾ? ಅವನಿಗೆ ಸಾಲದು. "ಸಿಟಿಗೆ ಹಾಕಿದ ಲೆಕ್ಕ ನನಗೂ ಹಾಕಿ, 136 ಬರುತ್ತೆ" ಅಂದ. ಆಪರೇಟರ್ ಒಪ್ಪಲಿಲ್ಲ. ಟರ್ಬೋ ಗಾಳಿಯನ್ನು ತಾನೇ ತುರುಕುತ್ತೆ, ಹೊರಗೆ ಗಾಳಿ ತೆಳುವಾದರೆ ಜಾಸ್ತಿ ತಿರುಗಿ ಬಹುಪಾಲು ಸರಿದೂಗಿಸಿಕೊಳ್ಳುತ್ತೆ. ಕಳೆದುಕೊಳ್ಳದೇ ಇರೋದನ್ನು ವಾಪಸ್ ಕೊಡೋದು ಹೇಗೆ? ಹುಡುಗನ ಗೆಳೆಯರು ಸೇರಿದರು, ಬೇರೆ ಊರಿನ ಡೈನೋದಲ್ಲಿ ಹಾಕಿಕೊಟ್ಟಿದ್ದಾರೆ ಅಂದರು. "ಅಲ್ಲಿಗೇ ಹೋಗಿ" ಅಂತ ಆಪರೇಟರ್ ಮುಂದಿನ ಕಾರಿಗೆ ಬೆಲ್ಟ್ ಕಟ್ಟೋಕೆ ಹೋದರು.

ಮಧ್ಯಾಹ್ನ ಊಟ ತೋಟದ ಮನೆಯದ್ದೇ. ಅಕ್ಕಿತರಿಯ ಉಂಡೆ ಕಡುಂಬುಟ್ಟು, ಹಂದಿ ಮಾಂಸದ ಪಂದಿ ಕರಿ, ಮಾಂಸ ತಿನ್ನದವರಿಗೆ ಬಿದಿರು ಕಳಲೆಯ ಬೈಂಬಳೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಪಂದಿ ಕರಿಯ ಕಪ್ಪು ಹುಳಿಗೆ ಸಾಟಿ ಇಲ್ಲ. ಹೈವೇ ಹೋಟೆಲುಗಳಲ್ಲಿ ಕೊಡಗು ಸ್ಟೈಲ್ ಅಂತ ಕೊಡುವುದು ಬರೀ ಮೆಣಸಿನ ಪುಡಿ.

ಊಟ ಮುಗಿಸಿ ಕಣದ ಕಟ್ಟೆ ಮೇಲೆ ಕೂತಿದ್ದೆ. ಯಜಮಾನಿ ರಬ್ಬರ್ ಬೂಟು ಹಾಕಿಕೊಂಡೇ ಬಂದು ಪಕ್ಕದಲ್ಲಿ ಕೂತರು. ಎಲ್ಲರೂ ಆಂಟಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಇದರಲ್ಲಿ ಎಚ್‌ಪಿ ಜಾಸ್ತಿ ಬಂದ್ರೆ ಏನು ಕೊಡ್ತಾರೆ?"

"ಏನೂ ಇಲ್ಲ ಆಂಟಿ. ಒಂದು ಕಾಗದ ಕೊಡ್ತಾರೆ."

"ನೀವು ಪುಣ್ಯವಂತರು ಮಾರಾಯ್ರೇ. ನಮಗೆ ಎಚ್‌ಪಿ ಜಾಸ್ತಿ ಆದ್ರೆ ಕರೆಂಟ್ ಬಿಲ್ಲು ಕೊಡ್ತಾರೆ."

ನನಗೆ ಅರ್ಥವಾಗೋಕೆ ಒಂದು ನಿಮಿಷ ಬೇಕಾಯಿತು. ಅವರು ಪಂಪ್‌ಸೆಟ್ ವಿಷಯ ಹೇಳುತ್ತಿದ್ದರು. ಕರ್ನಾಟಕದಲ್ಲಿ ರೈತರ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಸಿಗೋದು 10 ಎಚ್‌ಪಿವರೆಗೆ. ಅದು ಕಾಫಿ ಬೆಳೆಗಾರರಿಗೂ ಬೇಕು ಅಂತ ಕೊಡಗಿನಲ್ಲಿ ವರ್ಷಗಟ್ಟಲೆ ಹೋರಾಟ ನಡೆದಿದೆ. ಇಲ್ಲಿ ಪಂಪು ಬೇಕಾಗೋದು ಮುಖ್ಯವಾಗಿ ಈ ದಿನಗಳಲ್ಲೇ. ಕಾಫಿಗೆ ಹೂ ಬಿಡಿಸುವ ಹೂಮಳೆ ಸಮಯಕ್ಕೆ ಬಂದರೆ ಸರಿ, ಇಲ್ಲದಿದ್ದರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರಿನಲ್ಲಿ ಒಂದು, ಒಂದೂವರೆ ಇಂಚು ಮಳೆ ಬರಿಸಬೇಕು. ಅದಾಗಿ ವಾರ ಹತ್ತು ದಿನಕ್ಕೆ ಹೂವು. ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಸಲ ನೀರು ಬೀಳದಿದ್ದರೆ ಕಾಯಿ ನಿಲ್ಲಲ್ಲ. ಈ ವರ್ಷ ಆಂಟಿ ಮೋಡ ನಂಬಿಕೊಂಡು ಕೂರಲಿಲ್ಲವಂತೆ. ನಾನು ಅದೃಷ್ಟ ಅಂದುಕೊಂಡಿದ್ದ ಆ ಹೂವು ಪಂಪಿನದ್ದು.

"ಒಂದು ಎಚ್‌ಪಿ ಅಂದ್ರೆ ಎಷ್ಟು ಅಂತ ನಿಮಗೆ ಗೊತ್ತಾ?" ಅಂತ ಕೇಳಿದರು. ಪರೀಕ್ಷೆ.

ಗೊತ್ತಿತ್ತು. 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತಿದರೆ ಒಂದು ಮೆಟ್ರಿಕ್ ಅಶ್ವಶಕ್ತಿ. "ಅಂದ್ರೆ 75 ಲೀಟರ್ ನೀರು" ಅಂದರು ತಕ್ಷಣ. ಕೆರೆಯಿಂದ ತೋಟದ ಮೇಲಿನ ತಲೆಗೆ 50 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ, ಹತ್ತು ಎಚ್‌ಪಿಗೆ ಸೆಕೆಂಡಿಗೆ ಎಷ್ಟು? ಬಾಯಲ್ಲೇ ಲೆಕ್ಕ ಹಾಕಿದರು, ಹದಿನೈದು ಲೀಟರ್.

"ನನಗೆ ಎಂಟಕ್ಕಿಂತ ಮೇಲೆ ಯಾವತ್ತೂ ಬಂದಿಲ್ಲ."

"ಎಂಟು ಅಂತ ಹೇಗೆ ಗೊತ್ತು ಆಂಟಿ?"

ಪ್ರತಿ ವರ್ಷ ಸ್ಪ್ರಿಂಕ್ಲರ್ ಜೋಡಿಸುವ ಮುಂಚೆ ಮೇಲಿನ ತಲೆಯಲ್ಲಿ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ಮು ಇಡಿಸುತ್ತಾರಂತೆ. ಕೈಯಲ್ಲಿ ಗಡಿಯಾರ. 25 ಸೆಕೆಂಡಿನಲ್ಲಿ ತುಂಬಿದರೆ ಪಂಪು ಸರಿ ಇದೆ. 30 ಆದರೆ ಹೀರುವ ಪೈಪಿನ ತುದಿಯ ಫುಟ್‌ವಾಲ್ವ್ ನೋಡಿಸು. ಅದಕ್ಕೂ ಜಾಸ್ತಿ ಆದರೆ ಬಿಚ್ಚಿಸು, ಒಳಗೆ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಸವೆದಿರುತ್ತೆ. ಗಂಡ ಇದ್ದಾಗಿನಿಂದ ಇದೇ ಪದ್ಧತಿ. ಅದೇ ಡ್ರಮ್ಮು, ಅದೇ ಜಾಗ. ಸೆಕೆಂಡುಗಳನ್ನು ಒಂದು ಡೈರಿಯಲ್ಲಿ ಬರೆದಿಟ್ಟಿದ್ದಾರೆ.

ನಾನು ಎದ್ದು ಹೋಗಿ ಆಪರೇಟರನ್ನು ಕರೆದುಕೊಂಡು ಬಂದೆ. ಅವರು ಕೇಳಿ, "ಇದು ಡೈನೋನೇ ಅಲ್ವಾ ಮೇಡಂ" ಅಂದರು. ಆಮೇಲೆ ಇಬ್ಬರೂ ನನ್ನನ್ನು ಮರೆತರು. ಏಳು ಲೀಟರ್ ಎಲ್ಲಿ ಹೋಯಿತು ಅನ್ನೋದು ವಿಷಯ. ಪೈಪಿನ ಉಜ್ಜಾಟ, ಬೆಂಡುಗಳು, ಪಂಪಿನ ಒಳಗಿನ ನಷ್ಟ. "ಅವರ ಗೇರ್‌ಬಾಕ್ಸು ತಿನ್ನೋ ಹಾಗೆ ನನ್ನ ಪೈಪು ತಿನ್ನುತ್ತೆ" ಅಂದರು ಆಂಟಿ. ಎತ್ತರದ ಗಾಳಿ ಕರೆಂಟ್ ಮೋಟರಿಗೆ ತಾಗಲ್ಲ, ಹಳೇ ಡೀಸೆಲ್ ಪಂಪಿಗೆ ತಾಗುತ್ತಿತ್ತು ಅಂತ ಆಪರೇಟರ್ ಹೇಳಿದರು. ಅದಕ್ಕೆ ಆಂಟಿ, ಮೋಟರಿಗೆ ತಾಗದಿದ್ದರೂ ಪಂಪು ಹೀರುವುದಕ್ಕೆ ತಾಗುತ್ತೆ, ಬಯಲುಸೀಮೆಯಲ್ಲಿ ಹೀರುವಷ್ಟು ಆಳದಿಂದ ಇಲ್ಲಿ ಹೀರಲ್ಲ, ಅದಕ್ಕೇ ಪಂಪನ್ನು ಕೆರೆಯ ಅಂಚಿಗೇ ಇಡಿಸಿದ್ದು ಅಂದರು. ಸರಿಯಾದ ಮಾತು. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ, ಅದು ಇಲ್ಲಿ ಕಡಿಮೆ. ಡೈನೋ ಅರ್ಧ ಗಂಟೆ ಸುಮ್ಮನೆ ನಿಂತಿತ್ತು. ಸರದಿಯಲ್ಲಿದ್ದವರು ಹಾರ್ನ್ ಹೊಡೆದರು.

ಸಂಜೆಯವರೆಗೂ ಕಾರುಗಳು ಹತ್ತಿ ಇಳಿದವು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಿಗೆ ಈ ಯಂತ್ರ ಆಗಲ್ಲ, ಅಂಥವರು ದೂರದಿಂದ ಬಂದು ಬರೀ ಊಟ ಮಾಡಿಕೊಂಡು ಹೋದರು. ಕರೆಯುವಾಗಲೇ ಇದನ್ನು ಹೇಳಬಹುದಿತ್ತು. ಒಂದು ಪೋರ್ಷೆ ಕೇಮನ್ ಹತ್ತಿತು. ಎಲ್ಲರೂ ಫೋನ್ ಎತ್ತಿ ಹಿಡಿದರು, ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದವು.

ಐದು ಗಂಟೆಗೆ ರೋಲರ್ ಟ್ರೇಲರ್ ಏರಿತು. ಕಣ ನೋಡಿದರೆ ಟೈರಿನ ಕಪ್ಪು, ಅಲ್ಲಲ್ಲಿ ಆಯಿಲ್ ತೊಟ್ಟು. ಬೆಳೆದ ಮೆಣಸನ್ನು ಇದರ ಮೇಲೆ ಹರಡಿದರೆ ವಾಸನೆ ಹಿಡಿಯುತ್ತೆ. ಆಂಟಿ ಏನೂ ಹೇಳಲಿಲ್ಲ, ಒಳಗಿನಿಂದ ಸೋಪಿನ ಪುಡಿ, ಬಕೆಟ್ಟು, ತೆಂಗಿನ ಕಡ್ಡಿಯ ಪೊರಕೆಗಳನ್ನು ತರಿಸಿ ಸಾಲಾಗಿ ಇಡಿಸಿದರು. ಪೋರ್ಷೆಯವರೂ ಪ್ಯಾಂಟು ಮಡಚಿದರು. ಪಂಪ್ ಹಾಕಿಸಿ ನೀರು ಬಿಟ್ಟರು.

ಪೋಲೋ ಹುಡುಗ ಪೊರಕೆ ಹಿಡಿದುಕೊಂಡೇ ಆಪರೇಟರ್ ಹತ್ತಿರ ಮತ್ತೆ ಹೋದ. ಎರಡೂ ಅಂಕಿ ಪ್ರಿಂಟ್ ಮಾಡಿಕೊಡಿ, ಯಾವುದು ಬೇಕೋ ನಾನೇ ಇಟ್ಟುಕೊಳ್ತೀನಿ ಅಂದ. ಆಂಟಿ ಕಟ್ಟೆಯ ಮೇಲಿಂದಲೇ ಕೂಗಿದರು, "118 ಅಂತ ಬರೆಸಿಕೋ ಮಗಾ. ಮುಂದಿನ ವರ್ಷ ಇಲ್ಲೇ ಬಾ, ಎಷ್ಟು ಕಡಿಮೆ ಆಗಿದೆ ಅಂತ ನೋಡೋಣ. ಈಗ ಆ ಮೂಲೆ ತೊಳಿ."