ಶಾಮಿಯಾನದ ಕೆಳಗೆ ಕೂತಿದ್ದ ನಮ್ಮ ಹಿಸ್ಟರಿ ಸರ್

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ನನಗೆ ಬೇರೆ ವಿಷಯವೇ ಹೊಳೆಯಲಿಲ್ಲ. ಹಿಸ್ಟರಿ ಸರ್ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಬಗ್ಗೆ ಬರೆಯಬೇಕು ಅಂದರೆ 2021ರ ಡಿಸೆಂಬರ್‌ನಲ್ಲಿ ಶುರುವಾದ ಮುಷ್ಕರದ ಬಗ್ಗೆಯೂ ಬರೆಯಬೇಕು. ಯಾಕೆಂದರೆ ಅವರು ಎಂಥ ಮೇಷ್ಟ್ರು ಅನ್ನೋದು ನಮಗೆ ಪೂರ್ತಿ ಗೊತ್ತಾಗಿದ್ದು ಅವರು ಪಾಠ ನಿಲ್ಲಿಸಿದಾಗಲೇ.

ನಾವು 2019ರಲ್ಲಿ ಬಿ.ಎ.ಗೆ ಸೇರಿದ ಬ್ಯಾಚು. ಮೊದಲ ವರ್ಷ ಮುಗಿಯುವ ಮೊದಲೇ ಕೊರೊನಾ ಬಂತು. ಎರಡನೇ ವರ್ಷದ ಬಹುಪಾಲು ಮೊಬೈಲಿನಲ್ಲೇ ಹೋಯಿತು. ನಮ್ಮೂರಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಿರ ಹೋಗಿ ನಿಲ್ಲಬೇಕಿತ್ತು. ಅಂತೂ ಮೂರನೇ ವರ್ಷಕ್ಕೆ ಬೆಂಚಿನ ಮೇಲೆ ಕೂತೆವು, ಸರ್ ಎದುರಿಗೆ ನಿಂತು ಪಾಠ ಶುರು ಮಾಡಿದರು, ಈ ಸಲವಾದರೂ ಸರಿಯಾಗಿ ಓದಬಹುದು ಅಂದುಕೊಂಡೆವು. ಅಷ್ಟರಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ, ಅಂದರೆ ನಮ್ಮ ಸರ್ ಥರ ಕಾಯಂ ಅಲ್ಲದ ಮೇಷ್ಟ್ರುಗಳೆಲ್ಲ, ತರಗತಿ ಬಹಿಷ್ಕರಿಸಿದರು.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದದವರಿಗೆ ಇದರ ಬಿಸಿ ಗೊತ್ತಾಗಲಿಕ್ಕಿಲ್ಲ. ಹೆಸರಿಗೆ ಅತಿಥಿ, ಆದರೆ ಕಾಲೇಜು ನಡೆಯುವುದೇ ಅವರಿಂದ. ರಾಜ್ಯದಲ್ಲಿ ಇಂಥ ಕಾಲೇಜುಗಳು ಸುಮಾರು 430 ಇವೆ, ಅವುಗಳಲ್ಲಿ ಆಗ ಅತಿಥಿ ಉಪನ್ಯಾಸಕರು ಹತ್ತು ಸಾವಿರಕ್ಕೂ ಜಾಸ್ತಿ ಇದ್ದರು. ನಮ್ಮಲ್ಲಂತೂ ಕಾಯಂ ಆದವರು ಎಲ್ಲ ಸೇರಿದರೆ ಒಂದು ಬೆಂಚು ತುಂಬುತ್ತಿರಲಿಲ್ಲ. ಮುಷ್ಕರದ ಮೊದಲ ದಿನ ಬೆಲ್ ಹೊಡೆಯಿತು, ಯಾರೂ ಬರಲಿಲ್ಲ. ಮತ್ತೆ ಬೆಲ್ ಹೊಡೆಯಿತು. ಸಂಜೆವರೆಗೂ ಗಂಟೆ ಗಂಟೆಗೆ ಹೊಡೆಯುತ್ತಲೇ ಇತ್ತು.

ಆಗ ಅವರ ಸಂಬಳ ತಿಂಗಳಿಗೆ 11,000 ರೂಪಾಯಿ. ನೆಟ್, ಸ್ಲೆಟ್ ಅನ್ನೋ ಉಪನ್ಯಾಸಕರ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ಅಥವಾ ಪಿಎಚ್.ಡಿ. ಇದ್ದರೆ 13,000. ಅದೂ ತಿಂಗಳು ತಿಂಗಳು ಬರುತ್ತಿರಲಿಲ್ಲ, ರಜೆ ದಿನಗಳಿಗಂತೂ ಇಲ್ಲವೇ ಇಲ್ಲ. ಸರ್ ಬೇಸಿಗೆಯಲ್ಲಿ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದರು. ನಾನು ಅಪ್ಪನ ಜೊತೆ ಯೂರಿಯಾ ತರಲು ಹೋದಾಗ ಬಿಲ್ ಬರೆದುಕೊಟ್ಟಿದ್ದು ಅವರೇ. ಬಿಲ್ ಕೊಡುತ್ತಾ, ನಿಮ್ಮ ಹೊಲದ ಕಡೆ ಇರುವ ವೀರಗಲ್ಲನ್ನು ಯಾರೂ ಕಿತ್ತಿಲ್ಲ ತಾನೇ ಅಂತ ವಿಚಾರಿಸಿದರು. ನಾಚಿಕೆ, ಸಂಕೋಚ ಏನೂ ಇಲ್ಲ. ನನಗೆ ಆ ಮನುಷ್ಯನ ಮೇಲೆ ಅಭಿಮಾನ ಹುಟ್ಟಿದ್ದು ಅಲ್ಲೇ.

ವೀರಗಲ್ಲಿನ ವಿಷಯ ಹೇಳಲೇಬೇಕು. ಸಿಲಬಸ್‌ನಲ್ಲಿ ಏನೇನಿತ್ತೋ ಈಗ ಅರ್ಧ ಮರೆತಿದೆ. ಆದರೆ ಕೆರೆ ಏರಿ ಮೇಲೆ ಅವರು ಮಾಡಿದ ಪಾಠ ಮರೆತಿಲ್ಲ. ಒಂದು ಶನಿವಾರ ಇಡೀ ಕ್ಲಾಸನ್ನು ನಡೆಸಿಕೊಂಡು ಹೋಗಿ ಮುಳ್ಳುಕಂಟಿ ಸರಿಸಿ ಕಲ್ಲು ತೊಳೆಸಿದರು. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ವೀರ. ಕೆಳಗಿಂದ ಮೇಲಕ್ಕೆ ಓದಬೇಕು ಅಂತ ತೋರಿಸಿಕೊಟ್ಟರು. ಪಕ್ಕದಲ್ಲಿ ಹಸುಗಳಿದ್ದವು. ಇದು ತುರುಗೋಳ್ ಕಣ್ರಯ್ಯಾ, ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು, ರಾಜನಲ್ಲ, ನಿಮ್ಮೂರಿನವನೇ ಅಂದರು. ಹುಟ್ಟಿದಾಗಿಂದ ಆ ಕಲ್ಲಿನ ಮೇಲೆ ಕೂತು ಮಾವಿನಕಾಯಿ ತಿಂದವರು ನಾವು. ಅವತ್ತಿನಿಂದ ಯಾರೂ ಅದರ ಮೇಲೆ ಕೂರಲಿಲ್ಲ.

ಸರಿ, ಮುಷ್ಕರ. ಗೇಟಿನ ಎದುರಿಗೇ ಶಾಮಿಯಾನ ಹಾಕಿದ್ದರು. ಒಳಗೆ ನಾವು, ಹೊರಗೆ ನಮ್ಮ ಮೇಷ್ಟ್ರುಗಳು. ಖಾಲಿ ಕೂತು ಕೂತು ಬೇಜಾರಾಗಿ ಒಂದು ದಿನ ನಮ್ಮ ಕ್ಲಾಸಿನ ಒಬ್ಬ ಹುಡುಗ ಹೆಗಲ ಮೇಲೆ ಕರ್ಚೀಫ್ ಹಾಕಿಕೊಂಡು ಸರ್ ಥರಾನೇ ಬೋರ್ಡಿನ ಮುಂದೆ ನಿಂತ. ಅದೇ ಧ್ವನಿ, ಅದೇ ಕೆಮ್ಮು, ವಾಕ್ಯಕ್ಕೊಂದು ‘ಹೌದೋ ಅಲ್ಲವೋ’. ಮೂರನೇ ಮೈಸೂರು ಯುದ್ಧ ಶುರು ಮಾಡಿದ. ನಾವು ಹಾಜರಿಯನ್ನೂ ಕೂಗಿಸಿದೆವು. ಕಾರಿಡಾರಿನಲ್ಲಿ ಹೋಗುತ್ತಿದ್ದ ಯಾರೋ ಕೇಳಿಸಿಕೊಂಡು, ಹಿಸ್ಟರಿಯವರು ಕದ್ದು ಒಳಗೆ ಬಂದು ಪಾಠ ಮಾಡ್ತಿದಾರೆ ಅಂತ ಶಾಮಿಯಾನಕ್ಕೆ ಸುದ್ದಿ ಮುಟ್ಟಿಸಿದರು. ಸರ್ ಆ ಹೊತ್ತಿನಲ್ಲಿ ಟೀ ಕುಡಿಯಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದರಂತೆ! ಬಂದ ಮೇಲೆ ಜೊತೆಯವರು ಮುಖ ತಿರುಗಿಸಿ ಕೂತರು. ಮುಷ್ಕರ ಮುರಿದವನು ಅನ್ನೋ ಮಾತು ಸಣ್ಣದಲ್ಲ ಅಲ್ವಾ? ವಿಷಯ ನಮಗೆ ಗೊತ್ತಾದ ಕೂಡಲೇ ಇಡೀ ಕ್ಲಾಸು ಎದ್ದು ಹೊರಗೆ ಬಂತು. ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ, ಮಾಡು ಈಗ ಅಂದೆವು. ಅವನು ಕರ್ಚೀಫ್ ಹಾಕಿಕೊಂಡು ಮತ್ತೆ ಪಾಠ ಮಾಡಿದ. ಶಾಮಿಯಾನ ಹಾರಿಹೋಗುವಷ್ಟು ನಗು. ಸರ್ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು, “ಧ್ವನಿ ನಂದೇ. ಇಸವಿ ನಂದಲ್ಲ. ಶ್ರೀರಂಗಪಟ್ಟಣದ ಒಪ್ಪಂದ ಆಗಿದ್ದು 1792ರಲ್ಲಿ” ಅಂದರು.

ಅವತ್ತೇ ನಾನು ಮುಂದೆ ಹೋಗಿ, ಸರ್, ಇಲ್ಲೇ ಶಾಮಿಯಾನದಲ್ಲೇ ಪಾಠ ಮಾಡಿಬಿಡಿ ಅಂತ ಕೇಳಿದೆ. ಅವರಲ್ಲಿ ನೇರವಾಗಿ ಹೀಗೆ ಕೇಳುವ ಸಲುಗೆ ನನಗಿತ್ತು, ಪ್ರಶ್ನೆ ಹಾಕಿದರೆ ಮೊದಲು ಕೈ ಎತ್ತುತ್ತಿದ್ದವನು ನಾನೇ. ಅವರು ಒಪ್ಪಲಿಲ್ಲ. ನಾನು ಒಬ್ಬ ಪಾಠ ಮಾಡಿದರೆ ಇವರ ಹೊಟ್ಟೆ ಮೇಲೆ ಹೊಡೆದ ಹಾಗೆ, ಮಾಡದಿದ್ದರೆ ನಿಮಗೆ ಮೋಸ, ಎರಡೂ ಗೊತ್ತು ನನಗೆ ಅಂದರು. ಮುಷ್ಕರ ಮುಗಿಯಲಿ, ಒಂದು ಪುಟ ಬಿಡದೆ ಮುಗಿಸಿಕೊಡ್ತೀನಿ ಅಂದರು.

ಮುಗಿಸಿಕೊಟ್ಟರು ಕೂಡ. 2022ರ ಸಂಕ್ರಾಂತಿ ಹೊತ್ತಿಗೆ ಸರ್ಕಾರ ಗೌರವಧನ ಏರಿಸಿತು. ಅರ್ಹತೆ ಮತ್ತು ಐದು ವರ್ಷಕ್ಕೂ ಹೆಚ್ಚು ಅನುಭವ ಇದ್ದವರಿಗೆ 32,000 ಆಯಿತು. ಆದರೆ ವಾರದ ಪಾಠದ ಅವಧಿಯನ್ನು 15 ಗಂಟೆಗೆ ಏರಿಸಿದ್ದರಿಂದ ಇಬ್ಬರ ಕೆಲಸ ಒಬ್ಬರ ಪಾಲಾಗಿ ಎಷ್ಟೋ ಜನ ಮನೆಗೆ ಹೋದರು. ನಮ್ಮ ಎಕನಾಮಿಕ್ಸ್ ಮೇಡಂ ಹಾಗೆ ಹೋದವರೇ. ಐದನೇ ಸೆಮಿಸ್ಟರ್ ಅರ್ಧದಲ್ಲಿ ಪಾಠ ಮಾಡುವವರೇ ಬದಲಾದರು. ಹಿಸ್ಟರಿ ಸರ್ ಬೆಳಿಗ್ಗೆ ಎಂಟಕ್ಕೇ ಬಂದು, ಭಾನುವಾರವೂ ಬಂದು ಪಾಠ ಮಾಡಿದರು. ಫೆಬ್ರವರಿಯಲ್ಲಿ ಮತ್ತೆ ಕೆಲವು ದಿನ ಕಾಲೇಜು ಮುಚ್ಚಿತು. ಪರೀಕ್ಷೆ ಅಂತೂ ನಮ್ಮನ್ನು ಕಾಯುತ್ತಾ ಕೂರಲಿಲ್ಲ.

ಆ ವರ್ಷ ಎಲ್ಲರಿಗೂ ಒಂದೇ ಥರ ನಷ್ಟ ಆಯಿತು ಅಂದರೆ ಸುಳ್ಳು. ಊರಲ್ಲೇ ಇದ್ದವರು ಟ್ಯೂಷನ್ ಹಿಡಿದರು. ನಾನು ಲೈಬ್ರರಿಯಲ್ಲಿ ಕೂತು ಓದಿಕೊಂಡೆ. ಮುಂದೆ ಎಂ.ಎ.ಯಲ್ಲಿ ಚಿನ್ನದ ಪದಕವೂ ಬಂತು, ಅದನ್ನು ಮೊದಲು ತೋರಿಸಿದ್ದು ಸರ್‌ಗೇ. ಆದರೆ ನಮ್ಮ ಬೆಂಚಿನ ಹಿಂದೆ ಕೂರುತ್ತಿದ್ದ ಒಬ್ಬಳು, ನನಗಿಂತ ಚೆನ್ನಾಗಿ ಬರೆಯುತ್ತಿದ್ದವಳು, ಎರಡು ಬಸ್ ಬದಲಾಯಿಸಿ ಬರುತ್ತಿದ್ದಳು. ಕ್ಲಾಸೇ ನಡೆಯಲ್ಲ ಅಂದಮೇಲೆ ಸುಮ್ನೆ ಯಾಕೆ ಓಡಾಡ್ತೀಯ ಅಂದರಂತೆ ಮನೆಯಲ್ಲಿ. ಮನೆಯಲ್ಲಿ ಕೂತ ಹುಡುಗಿಗೆ ಗಂಡು ಹುಡುಕಲು ಎಷ್ಟು ಹೊತ್ತು? ಮುಷ್ಕರ ಮುಗಿದಾಗ ಅವಳು ಬರಲಿಲ್ಲ. ಸರ್ ಅವಳ ಊರಿಗೇ ಹೋಗಿ ಮಾತಾಡಿ ಬಂದರು, ಆಗಲಿಲ್ಲ. ಆಮೇಲೂ ಎಷ್ಟೋ ಸಲ ಅವಳ ಹೆಸರು ಎತ್ತುತ್ತಿದ್ದರು.

2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ ಆಯಿತು, ಈ ಸಲ ಕಾಯಂ ಮಾಡಿ ಅಂತ. ಹೊಸ ವರ್ಷಕ್ಕೆ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಸರ್ ಮಂಡಿನೋವು ಇಟ್ಟುಕೊಂಡೇ ನಡೆದರು. ಕಾಯಂ ಆಗಲಿಲ್ಲ. ಸೇವೆಯ ವರ್ಷ ನೋಡಿ 5,000ದಿಂದ 8,000 ರೂಪಾಯಿ ಏರಿಕೆ, ಆರೋಗ್ಯ ವಿಮೆ, ಅರವತ್ತು ತುಂಬಿದಾಗ 5 ಲಕ್ಷ ಅಂತ ಸರ್ಕಾರ ಹೇಳಿತು. ಸರ್ ತೀರಿಕೊಂಡಾಗ ಅವರಿಗೆ ಐವತ್ತೂ ಆಗಿರಲಿಲ್ಲ. ಅವರ ಮನೆಯ ಮುಂದೆ ನಾಲ್ಕೈದು ಬ್ಯಾಚಿನ ಹುಡುಗರು ಸೇರಿದ್ದೆವು. ಇವರು ಕೊನೆವರೆಗೂ ಅತಿಥಿಯಾಗೇ ಇದ್ದರು ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಈಗಿನ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಿದರು. ವರ್ಷದ ಶುರುವಿನಲ್ಲಿ ಮೇಷ್ಟ್ರೇ ಇರಲ್ಲ, ಪಟ್ಟಿ ಬರುವಷ್ಟರಲ್ಲಿ ಇಂಟರ್ನಲ್ಸ್ ಬಂದಿರುತ್ತದೆ. ಪಿಡಿಎಫ್ ನೋಟ್ಸ್, ಯೂಟ್ಯೂಬ್, ಅಷ್ಟೇ. ಕೆರೆ ಏರಿಗೆ ಯಾರು ಕರೆದುಕೊಂಡು ಹೋಗಬೇಕು? ಮುಷ್ಕರ ಮಾಡಿದವರ ಮೇಲೆ ನನಗೆ ಆಗಲೂ ಕೋಪ ಇರಲಿಲ್ಲ, ಈಗಲೂ ಇಲ್ಲ. ಆದರೆ ಪಾಠ ಹೋದಷ್ಟು ವಾರ ಪರೀಕ್ಷೆ ಮುಂದಕ್ಕೆ ಹಾಕಿ, ಹಾಜರಿ ಕಡಿಮೆ ಅಂತ ಯಾರನ್ನೂ ತಡೆಯಬೇಡಿ, ಬರೋದು ನಿಲ್ಲಿಸಿದವರ ಮನೆಗೆ ಒಂದು ಫೋನ್ ಮಾಡಿ ಅಂತ ನಮ್ಮ ಪರವಾಗಿ ಒಬ್ಬರಾದರೂ ಹೇಳಬೇಕಿತ್ತು.

ಅಂದ ಹಾಗೆ, ನಮ್ಮ ಬೆಂಚಿನ ಹಿಂದೆ ಕೂರುತ್ತಿದ್ದವಳು ಈ ವರ್ಷ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಸೇರಿದ್ದಾಳೆ, ಮೊದಲ ವರ್ಷದಿಂದ. ಫೀಸು ನಮ್ಮ ಬ್ಯಾಚಿನವರು ಸೇರಿ ಕಟ್ಟಿದೆವು. ಹಿಸ್ಟರಿ ನೋಟ್ಸ್ ನಾನು ಜೆರಾಕ್ಸ್ ಮಾಡಿಸಿ ಕಳಿಸಿದ್ದೇನೆ. ಎಕನಾಮಿಕ್ಸ್ ಮೇಡಂ ಬರೆಸಿದ ನೋಟ್ಸ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಾಲೇಜಿನ ಲೈಬ್ರರಿಯಲ್ಲಿ ಕೊಟ್ಟಿರಿ, ನಾನು ಬಂದು ತೆಗೆದುಕೊಳ್ಳುತ್ತೇನೆ.